ಓದುಗರ ಪ್ರಶ್ನೆ, ತಜ್ಞರ ಉತ್ತರ: ಜಾಗ ಬದಲಾದ ಕೋಳಿ ಮೊಟ್ಟೆ ನಿಲ್ಲಿಸುವುದೇಕೆ?

ಈ ತಿಂಗಳು ಬಂದ ಕೋಳಿ ಸಾಕಣೆಯ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಕೋಳಿ, ಜಾಗವೋ ಮೇವೋ ಬದಲಾದ ಮೇಲೆ ನಿಲ್ಲಿಸಿಬಿಟ್ಟಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಫಾರಂ ಒಂದರಿಂದ ಬಿವಿ-380 ಎಂಬ ಮೊಟ್ಟೆ ತಳಿಯ 12 ಕೋಳಿ ತಂದೆವು. ಅಲ್ಲಿ ಪಂಜರದಲ್ಲಿದ್ದವು, ದಿನಕ್ಕೆ ಹತ್ತು ಹನ್ನೊಂದು ಮೊಟ್ಟೆ ಬರುತ್ತಿತ್ತಂತೆ. ಮನೆಗೆ ತಂದ ಮರುದಿನ 7 ಮೊಟ್ಟೆ, ಅದರ ಮರುದಿನ 3, ಆಮೇಲೆ ಒಂದೂ ಇಲ್ಲ. ಇಂದಿಗೆ ಹನ್ನೊಂದು ದಿನ. ಮುದಿ ಕೋಳಿ ಕೊಟ್ಟು ಮೋಸ ಮಾಡಿದರೆಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಮೊದಲ ದಿನದ ಆ 7 ಮೊಟ್ಟೆಗಳೇ ಮಾರಿದವರ ಪರ ಸಾಕ್ಷಿ. ಕೋಳಿಗಳು ಅಲ್ಲಿ ಮೊಟ್ಟೆ ಇಡುತ್ತಿದ್ದದ್ದು ನಿಜ.

ಭಂಡಾರ, ಅಂದರೆ ಮೊಟ್ಟೆಯೊಳಗಿನ ಹಳದಿ ಭಾಗ, ಅಂಡಾಶಯದಿಂದ ಕಳಚಿಕೊಂಡ ಮೇಲೆ ಮೊಟ್ಟೆಯಾಗಿ ಹೊರಬರಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ನೀವು ಕೋಳಿಯನ್ನು ಗಾಡಿಗೆ ಹತ್ತಿಸುವಾಗ ಹೊಟ್ಟೆಯೊಳಗೆ ಅರ್ಧ ಸಿದ್ಧವಾಗಿದ್ದ ಮೊಟ್ಟೆಗಳು ಮರುದಿನ ಬಂದವು. ಅವುಗಳ ಹಿಂದೆ ಸರದಿಯಲ್ಲಿ ಕಾಯುತ್ತಿದ್ದವು ಬರಲಿಲ್ಲ. ಮೊಟ್ಟೆ ಇಡುವ ಕೋಳಿಯ ಅಂಡಾಶಯದಲ್ಲಿ ಯಾವಾಗಲೂ ನಾಲ್ಕಾರು ಭಂಡಾರಗಳು ದೊಡ್ಡದು, ಅದಕ್ಕಿಂತ ಚಿಕ್ಕದು, ಇನ್ನೂ ಚಿಕ್ಕದು ಎಂಬಂತೆ ಬೆಳೆಯುತ್ತಿರುತ್ತವೆ. ಕಾಳಿನಷ್ಟಿದ್ದದ್ದು ಪೂರ್ತಿ ಗಾತ್ರಕ್ಕೆ ಬರಲು 8ರಿಂದ 10 ದಿನ. ಭಯ, ಬಾಯಾರಿಕೆ, ಹಸಿವು ಬಂದಾಗ ಈ ಬೆಳವಣಿಗೆಯನ್ನು ನಡೆಸುವ ಹಾರ್ಮೋನು ಇಳಿಯುತ್ತದೆ. ಬೆಳೆಯುತ್ತಿದ್ದ ಭಂಡಾರಗಳನ್ನು ದೇಹವೇ ಹೀರಿಕೊಂಡುಬಿಡುತ್ತದೆ. ಇನ್ನು ಸರದಿ ಮೊದಲಿನಿಂದ ಶುರುವಾಗಬೇಕು. ಕೋಳಿಯ ಭಯ ಇಂದೇ ಕಳೆದರೂ ಮೊಟ್ಟೆಗೆ ಇಂದಿನಿಂದ ಹತ್ತು ದಿನ ಬೇಕಾಗುವುದು ಇದಕ್ಕೇ. ಜಾಗ ಬದಲಾದ ಕೋಳಿ ಎರಡರಿಂದ ನಾಲ್ಕು ವಾರ ಬಿಡುವು ತೆಗೆದುಕೊಂಡರೆ ಅದು ರೋಗವಲ್ಲ. ನಿಮ್ಮ ಹನ್ನೊಂದು ದಿನ ಆ ಲೆಕ್ಕದ ಒಳಗೇ ಇದೆ.

ಆದರೆ ಕೈಕಟ್ಟಿ ಕೂರಬೇಡಿ. ಪಂಜರದ ಕೋಳಿಯನ್ನು ನೆಲಕ್ಕೆ ತಂದಾಗ ಎಲ್ಲಕ್ಕಿಂತ ಮೊದಲು ಕೆಡುವುದು ನೀರು. ಫಾರಂನಲ್ಲಿ ಅವು ನಿಪ್ಪಲ್ (ಕೊಕ್ಕಿನಿಂದ ಒತ್ತಿದರೆ ನೀರು ತೊಟ್ಟಿಕ್ಕುವ ಮೂತಿ) ಒತ್ತಿ ನೀರು ಕುಡಿದು ಬೆಳೆದವು. ಬೋಗುಣಿಯಲ್ಲಿ ನಿಂತ ನೀರನ್ನು ಅವು ನೀರೆಂದೇ ಗುರುತಿಸದೆ ಅದರ ಪಕ್ಕದಲ್ಲೇ ಬಾಯಾರಿ ನಿಂತಿರಬಹುದು. ಒಂದು ಕೋಳಿಗೆ ದಿನಕ್ಕೆ ಕಾಲು ಲೀಟರಿನಷ್ಟು ನೀರು ಬೇಕು, ಅಂದರೆ ನಿಮ್ಮ ಹನ್ನೆರಡಕ್ಕೆ ಸುಮಾರು 3 ಲೀಟರ್. ಬೆಳಿಗ್ಗೆ 5 ಲೀಟರ್ ಅಳೆದು ಇಡಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಎರಡು ಲೀಟರಿಗಿಂತ ಕಡಿಮೆ ಖರ್ಚಾಗಿದ್ದರೆ ತೊಂದರೆ ನೀರಿನದೇ. ಒಂದೊಂದೇ ಕೋಳಿಯನ್ನು ಹಿಡಿದು ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಅದ್ದಿ, ಮೂಗಿನ ಹೊಳ್ಳೆ ಮುಳುಗದಿರಲಿ. ಮೂರ್ನಾಲ್ಕು ಕೋಳಿ ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಅಥವಾ ಮುಚ್ಚಳವಿರುವ ಬಕೆಟ್ಟಿನ ತಳಕ್ಕೆ ಎರಡು ಮೂರು ನಿಪ್ಪಲ್ ಹಾಕಿಸಿ, ಕೋಳಿಯ ತಲೆಗಿಂತ ತುಸು ಮೇಲೆ ತೂಗುಹಾಕಿ.

ಎರಡನೆಯದು ಮೇವು. ಕೋಳಿ ತರುವಾಗಲೇ ಆ ಫಾರಂನ ಮೇವನ್ನೂ ತರಬೇಕಿತ್ತು. ಒಂದಕ್ಕೆ ದಿನಕ್ಕೆ 110 ಗ್ರಾಂ ಎಂದು ಹಿಡಿದರೆ 12 ಕೋಳಿಗೆ ಹತ್ತು ಹನ್ನೆರಡು ದಿನಕ್ಕೆ 15 ಕಿಲೋ ಸಾಕು. ಈಗಲೂ ತಡವಾಗಿಲ್ಲ, ಅದೇ ಲೇಯರ್ ಮೇವು ತಂದು ಹಾಕಿ.

ಮೂರನೆಯದು ಮೊಟ್ಟೆಗೂಡು ಮತ್ತು ಅಡ್ಡಗೋಲು. ಪಂಜರದ ಕೋಳಿಗೆ ಎರಡೂ ಗೊತ್ತಿಲ್ಲ. ರೆಕ್ಕೆ ಕಾಲುಗಳಲ್ಲಿ ಬಲವೂ ಕಡಿಮೆ. ಅಡ್ಡಗೋಲನ್ನು ಮೊದಲ ತಿಂಗಳು ಒಂದು ಅಡಿ ಎತ್ತರದಲ್ಲಿಡಿ, ಒಂದೊಂದು ಕೋಳಿಗೆ ಏಳೆಂಟು ಅಂಗುಲ ಜಾಗ ಬಿಡಿ. ಒಂದಡಿ ಚೌಕದ ಮೂರು ಪೆಟ್ಟಿಗೆಗಳಲ್ಲಿ ನಾಲ್ಕಂಗುಲ ಭತ್ತದ ಹೊಟ್ಟು ಹಾಸಿ, ಶೆಡ್ಡಿನ ಮಬ್ಬು ಮೂಲೆಯಲ್ಲಿಟ್ಟು, ಒಳಗೆ ಒಂದೊಂದು ಹಳೆ ಮೊಟ್ಟೆಯನ್ನೋ ಟೇಬಲ್ ಟೆನಿಸ್ ಚೆಂಡನ್ನೋ ಇಡಿ. ಮೊದಲ ವಾರ ಕೋಳಿಗಳನ್ನು ಹೊರಗೆ ಬಿಡಬೇಡಿ.

ಇನ್ನು ವಯಸ್ಸಿನ ಅನುಮಾನ. ರಾತ್ರಿ ಕೋಳಿಯನ್ನು ಹಿಡಿದು ಬಾಲದ ಕೆಳಗೆ ಮುಟ್ಟಿ ನೋಡಿ. ಹಿಂಭಾಗದಲ್ಲಿ ಎರಡು ಚೂಪು ಮೂಳೆಗಳ ತುದಿ ಕೈಗೆ ಸಿಗುತ್ತದೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿದು, ಮೊಟ್ಟೆ ಬರುವ ದ್ವಾರ ಅಗಲವಾಗಿ ಒದ್ದೆಯಾಗಿದ್ದರೆ ಕೋಳಿ ಇಡುತ್ತಿದೆ ಅಥವಾ ಇಡಲು ಹತ್ತಿರವಿದೆ. ಒಂದೇ ಬೆರಳು ಹಿಡಿದು, ದ್ವಾರ ಒಣಗಿ ಗುಂಡಗೆ ಮುದುರಿದ್ದರೆ ಬಿಡುವಿನಲ್ಲಿದೆ. ಹನ್ನೆರಡನ್ನೂ ನೋಡಿ ಬರೆದಿಡಿ, ವಾರ ಬಿಟ್ಟು ಮತ್ತೆ ನೋಡಿ. ಫಾರಂಗಳು ಸಾಮಾನ್ಯವಾಗಿ 72ರಿಂದ 80 ವಾರದ ಕೋಳಿಗಳನ್ನು ಮಾರಿಬಿಡುತ್ತವೆ. ನಿಮ್ಮವು ಆ ವಯಸ್ಸಿನವಾದರೆ ಜಾಗ ಬದಲಾದ ಪೆಟ್ಟಿಗೆ ಗರಿ ಉದುರಿಸಲು ಶುರುಮಾಡಬಹುದು. ಕುತ್ತಿಗೆಯಲ್ಲಿ ಹೊಸ ಗರಿಯ ಮುಳ್ಳುಗಳು ಕಂಡರೆ ಎರಡು ಮೂರು ತಿಂಗಳು ಮೊಟ್ಟೆಯ ಆಸೆ ಬಿಡಬೇಕು. ಆಮೇಲೆ ಮತ್ತೆ ಇಡುತ್ತವೆ, ಮೊದಲಿನಷ್ಟಲ್ಲ.

ಕೊನೆಗೊಂದು ಮಾತು. ಗಾಬರಿಯಲ್ಲಿ ದಿನಕ್ಕೊಂದು ಟಾನಿಕ್, ವಾರಕ್ಕೊಂದು ಮೇವು, ಶೆಡ್ಡಿನ ಮೂಲೆಯಿಂದ ಮೂಲೆಗೆ ಗೂಡು ಎಂದು ಬದಲಿಸಿದರೆ ಕೋಳಿಯ ಮಟ್ಟಿಗೆ ಪ್ರತಿಯೊಂದೂ ಹೊಸ ಪೆಟ್ಟು. ನಿಮ್ಮ ಹತ್ತು ದಿನದ ಲೆಕ್ಕ ಪ್ರತಿ ಸಲವೂ ಮತ್ತೆ ಒಂದರಿಂದ ಶುರುವಾಗುತ್ತದೆ.

ರಸ್ತೆ ಬದಿಯ ಹಳೆ ಗೂಡಿನಿಂದ ಮನೆ ಹಿಂದಿನ ಹೊಸ ಶೆಡ್ಡಿಗೆ ನವೆಂಬರಿನಲ್ಲಿ ಕೋಳಿಗಳನ್ನು ಸಾಗಿಸಿದೆವು. ಶೆಡ್ಡು ದೊಡ್ಡದು, ಗಾಳಿ ಚೆನ್ನಾಗಿದೆ, ಮೇವು ನೀರು ಅದೇ. ಆದರೂ ತಿಂಗಳೊಳಗೆ ಮೊಟ್ಟೆ ಅರ್ಧಕ್ಕಿಂತ ಕೆಳಗಿಳಿಯಿತು. ಬಾಗಿಲು ದಕ್ಷಿಣಕ್ಕಿರುವುದು ಕಾರಣವೇ?
(ತುಮಕೂರು)

ಬಾಗಿಲನ್ನು ಹಾಗೇ ಬಿಡಿ. ಹಳೆ ಗೂಡು ರಸ್ತೆ ಬದಿಯಲ್ಲಿತ್ತು ಎಂದಿದ್ದೀರಿ. ಅಲ್ಲಿ ಬೀದಿದೀಪದ ಬೆಳಕು ಬೀಳುತ್ತಿತ್ತೇ ನೆನಪು ಮಾಡಿಕೊಳ್ಳಿ. ಬೀಳುತ್ತಿದ್ದರೆ ಅದೇ ಉತ್ತರ.

ಕೋಳಿಗೆ ಮೊಟ್ಟೆ ಇಡಲು ಹೇಳುವುದು ಹಗಲಿನ ಉದ್ದ. ಬೆಳಕು ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯ ಮೂಲಕವೂ ಒಳಹೋಗಿ ಮಿದುಳಿನ ತಳಭಾಗವನ್ನು ಮುಟ್ಟುತ್ತದೆ. ಮೊಟ್ಟೆಯ ಹಾರ್ಮೋನುಗಳಿಗೆ ಅಪ್ಪಣೆ ಹೋಗುವುದು ಅಲ್ಲಿಂದ. ಚೆನ್ನಾಗಿ ಮೊಟ್ಟೆ ಬರಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಗಿಂತ ಕಡಿಮೆ. ನಾಟಿ ಕೋಳಿ ಇದಕ್ಕೆ ಹೊಂದಿಕೊಂಡಿದೆ. ಹೆಚ್ಚು ಮೊಟ್ಟೆಯ ತಳಿಗಳಿಗೆ ಇದು ಸಾಲದು. ಅದಕ್ಕಿಂತ ಮುಖ್ಯವಾಗಿ, ಬೆಳಕಿನ ಅವಧಿ ಇದ್ದಕ್ಕಿದ್ದಂತೆ ಕಡಿಮೆಯಾಗುವುದನ್ನು ಯಾವ ಕೋಳಿಯೂ ಸಹಿಸುವುದಿಲ್ಲ. ಬೀದಿದೀಪ ಹೋಯಿತು, ಜೊತೆಗೆ ಚಳಿಗಾಲದ ಗಿಡ್ಡ ಹಗಲು ಬಂತು. ಎರಡೂ ಒಟ್ಟಿಗೆ ಬಿದ್ದಿವೆ.

ಸರಿಪಡಿಸುವುದು ಸುಲಭ, ಆದರೆ ನಿಧಾನ. ನೂರು ಚದರಡಿ ಶೆಡ್ಡಿಗೆ 5 ವ್ಯಾಟಿನ ಹಳದಿ ಬೆಳಕಿನ ಒಂದು ಎಲ್‌ಇಡಿ ಬಲ್ಬು ಸಾಕು, ಆರೇಳು ಅಡಿ ಎತ್ತರದಲ್ಲಿರಲಿ. ಕೋಳಿ ನಿಲ್ಲುವ ಜಾಗದಲ್ಲಿ ದಿನಪತ್ರಿಕೆಯ ಅಕ್ಷರ ಓದಲು ಬಂದರೆ ಬೆಳಕು ಸರಿಯಿದೆ. ದೀಪ ಸಂಜೆಗಿಂತ ಬೆಳಗಿನ ಜಾವಕ್ಕೆ ಒಳ್ಳೆಯದು. ಸಂಜೆ ದೀಪ ತಟ್ಟನೆ ಆರಿದರೆ ಅಡ್ಡಗೋಲು ಹತ್ತದ ಕೋಳಿಗಳು ಕತ್ತಲಲ್ಲಿ ಸಿಕ್ಕಿಬಿದ್ದು ಒಂದರ ಮೇಲೊಂದು ಮುದುರಿಕೊಳ್ಳುತ್ತವೆ. ಮೊದಲ ವಾರ 6ಕ್ಕೆ ದೀಪ ಹಚ್ಚಿ, ಎರಡನೇ ವಾರ ಐದೂವರೆಗೆ, ಹೀಗೆ ವಾರಕ್ಕೆ ಅರ್ಧ ಗಂಟೆ ಹಿಂದಕ್ಕೆ ಸರಿಸುತ್ತಾ 4 ಗಂಟೆಗೆ ತಂದು ನಿಲ್ಲಿಸಿ. ಬೆಳಿಗ್ಗೆ ಏಳಕ್ಕೆ ಆರಿಸಿ. ಸಂಜೆಯ ಮಸುಕು ಬೆಳಕೂ ಸೇರಿ 14 ಗಂಟೆ ದಾಟುತ್ತದೆ. ಫಲ ಕಾಣುವುದು ಮೂರ್ನಾಲ್ಕು ವಾರದ ಮೇಲೆ. ರಾತ್ರಿಯಿಡೀ ದೀಪ ಬೇಡ, ನಿದ್ದೆಗೆಟ್ಟ ಕೋಳಿಗಳು ಒಂದನ್ನೊಂದು ಕುಕ್ಕಲು ತೊಡಗುತ್ತವೆ. 16 ವಾರ ತುಂಬದ ಮರಿಗಳಿದ್ದರೆ ಅವನ್ನು ಈ ದೀಪದಿಂದ ದೂರವಿಡಿ. ಎಳೆ ಮೈಗೆ ಮೊಟ್ಟೆ ಬೇಗ ಬಂದರೆ ಗಾತ್ರ ಸಣ್ಣದಾಗುತ್ತದೆ, ಹಿಂಭಾಗ ಹೊರಚಾಚುವ ಅಪಾಯವೂ ಇದೆ.

ಟೈಮರ್ ಹಾಕುವವರು ಗಮನಿಸಿ: ತಿರುಗುವ ಮುಳ್ಳಿನ ಅಗ್ಗದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತೇ ಇರುತ್ತದೆ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋದರೆ ವಾರದಲ್ಲಿ ಅದು 14 ಗಂಟೆ ಹಿಂದೆ ಬಿದ್ದು, ನಾಲ್ಕಕ್ಕೆ ಹತ್ತಬೇಕಾದ ದೀಪ ಸಂಜೆ ಹತ್ತುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ.

ಆರು ಸ್ವರ್ಣಧಾರಾ ಕೋಳಿಗಳ ಜೊತೆ ಸಂತೆಯಿಂದ ತಂದ ಎರಡನ್ನು ಬಿಟ್ಟೆವು. ಜಗಳ ನಿಂತಿಲ್ಲ. ಹೊಸವು ಇಡುತ್ತಿಲ್ಲ, ಹಳೆಯವೂ ಕಡಿಮೆ ಮಾಡಿವೆ. ಹೊಸ ಕೋಳಿಗಳನ್ನು ತೆಗೆದುಬಿಡಲೇ?
(ಬಂಟ್ವಾಳ)

ಸೀನು, ಮೂಗಿನ ಸೋರಿಕೆ, ಹಸಿರು ಹಿಕ್ಕೆ ಯಾವುದಾದರೂ ಕಂಡರೆ ಈಗಲೇ ಬೇರೆ ಮಾಡಿ. ಸಂತೆಯ ಕೋಳಿಯನ್ನು ಹಿಂಡಿಗೆ ಸೇರಿಸುವ ಮೊದಲು 30 ದಿನ ಜಾಗದ ಇನ್ನೊಂದು ಕೊನೆಯಲ್ಲಿಟ್ಟು, ಮೇವು ನೀರಿನ ಪಾತ್ರೆಯೂ ಬೇರೆಯಿದ್ದು, ಹಳೆ ಕೋಳಿಗಳ ಕೆಲಸ ಮುಗಿದ ಮೇಲೆ ಇವುಗಳತ್ತ ಹೋಗುವುದು ಕ್ರಮ. ಇದನ್ನು ಬಿಟ್ಟದ್ದು ದೊಡ್ಡ ತಪ್ಪು. ಮುಂದಿನ ಸಲ ದಯವಿಟ್ಟು ಬಿಡಬೇಡಿ, ಒಂದು ಬುಟ್ಟಿ ಕೋಳಿ ಇಡೀ ಕೇರಿಯ ಕೋಳಿಗಳನ್ನು ಮುಗಿಸಬಲ್ಲದು.

ರೋಗದ ಸುಳಿವಿಲ್ಲದಿದ್ದರೆ ತೆಗೆಯುವ ಅಗತ್ಯವಿಲ್ಲ. ಹಿಂಡಿನಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬ ಶ್ರೇಣಿ ಇರುತ್ತದೆ. ಒಂದು ಕೋಳಿ ಬಂದರೂ ಹೋದರೂ ಅದು ಮತ್ತೆ ನಿಷ್ಕರ್ಷೆಯಾಗಬೇಕು. ಸೋತ ಕೋಳಿಯನ್ನು ಮೇವಿನ ಹತ್ತಿರ ಬಿಡುವುದಿಲ್ಲ, ಮೊಟ್ಟೆ ನಿಲ್ಲಲು ಅದೇ ಸಾಕು. ಶೆಡ್ಡಿನ ನಡುವೆ ಜಾಲರಿ ಕಟ್ಟಿ ಹೊಸ ಎರಡನ್ನೂ ಒಂದು ಬದಿಗೆ ಹಾಕಿ. ಪರಸ್ಪರ ಕಾಣಬೇಕು, ಕೊಕ್ಕು ತಾಗಬಾರದು. ಎಂಟು ಹತ್ತು ದಿನ ಕಳೆದ ಮೇಲೆ ಕತ್ತಲಾದ ನಂತರ ಹೊಸದನ್ನು ಅಡ್ಡಗೋಲಿನ ಮೇಲೆ ಹಳೆಯವುಗಳ ಪಕ್ಕದಲ್ಲಿ ಕೂರಿಸಿ ಜಾಲರಿ ತೆಗೆಯಿರಿ. ಮೇವಿನ ತಟ್ಟೆ, ನೀರಿನ ಪಾತ್ರೆ ಎರಡೆರಡು ಇರಲಿ, ಎದುರುಬದುರು ಮೂಲೆಗಳಲ್ಲಿ. ಮರೆಯಾಗಲು ಎರಡು ಅಡಿಕೆ ಹಾಳೆಯನ್ನೋ ಹಲಗೆಯನ್ನೋ ಒರಗಿಸಿಡಿ. ಒಂದೇ ಕೋಳಿ ಎಲ್ಲವನ್ನೂ ಕುಕ್ಕುತ್ತಿದ್ದರೆ ಪೆಟ್ಟು ತಿನ್ನುವುದನ್ನು ಬಿಟ್ಟು ಕುಕ್ಕುವುದನ್ನು ನಾಲ್ಕೈದು ದಿನ ಕಣ್ಮರೆ ಮಾಡಿ. ವಾಪಸ್ ಬಂದಾಗ ಅದೇ ಹೊಸಬಳಾಗಿರುತ್ತದೆ. ರಕ್ತ ಬಂದ ಕೋಳಿಯನ್ನು ಮಾತ್ರ ತಕ್ಷಣ ಪ್ರತ್ಯೇಕಿಸಿ, ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ.

ಹುಲ್ಲಿನ ಚಾವಣಿ ತೆಗೆದು ತಗಡಿನ ಶೀಟು ಹಾಕಿಸಿದೆವು. ಏಪ್ರಿಲಿನಿಂದ ಮೊಟ್ಟೆ ಇಳಿದಿದೆ, ಬಂದರೂ ಚಿಪ್ಪು ತೆಳು, ಕೈಯಲ್ಲೇ ಒಡೆಯುತ್ತದೆ.
(ರಾಯಚೂರು)

ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಾರ್ಬೊನೇಟಿಗೆ ಬೇಕಾದ ಸರಕೇ ರಕ್ತದಲ್ಲಿ ಕಡಿಮೆಯಾದಾಗ ಎಷ್ಟು ಸುಣ್ಣ ತಿನ್ನಿಸಿದರೂ ಚಿಪ್ಪು ತೆಳುವೇ. ಸೆಖೆಗೆ ಕೋಳಿ ಮೇವನ್ನೂ ಬಿಡುತ್ತದೆ, ಮೊಟ್ಟೆಯೂ ಇಳಿಯುತ್ತದೆ. 32 ಡಿಗ್ರಿ ದಾಟಿದಾಗಿನಿಂದ ಈ ತೊಂದರೆ ಶುರು. ನಿಮ್ಮಲ್ಲಿ 40 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು.

ತೆಗೆದ ಹುಲ್ಲನ್ನೇ ಶೀಟಿನ ಮೇಲೆ ಅರ್ಧ ಅಡಿ ದಪ್ಪಕ್ಕೆ ಹೊದಿಸಿ, ಗಾಳಿಗೆ ಹಾರದಂತೆ ಬಲೆ ಬಿಗಿಯಿರಿ. ಅದಾಗದಿದ್ದರೆ ಶೀಟಿಗೆ ದಪ್ಪಗೆ ಸುಣ್ಣ ಹೊಡೆಯಿರಿ. ಮೇವಿನ ಹೊತ್ತು ಬದಲಿಸಿ: ಒಂದು ಪಾಲು ಬೆಳಿಗ್ಗೆ ಆರರೊಳಗೆ, ಉಳಿದದ್ದು ಸಂಜೆ ಐದರ ಮೇಲೆ. ಹನ್ನೊಂದರಿಂದ ನಾಲ್ಕರವರೆಗೆ ತಟ್ಟೆ ಎತ್ತಿಡಿ, ಮೇವು ಅರಗುವಾಗ ಮೈಯಲ್ಲಿ ಇನ್ನಷ್ಟು ಶಾಖ ಹುಟ್ಟುತ್ತದೆ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ನೇರ ಬಿಡಬೇಡಿ. ಮಧ್ಯಾಹ್ನ ಅದರಲ್ಲಿ ಬೆರಳಿಟ್ಟು ನೋಡಿ, ನಿಮಗೇ ತಿಳಿಯುತ್ತದೆ. ಮಣ್ಣಿನ ಪಾತ್ರೆಯಲ್ಲಿ ದಿನಕ್ಕೆ ಮೂರು ಸಲ ತಂಪು ನೀರು ಬದಲಿಸಿ, ಈ ಕಾಲದಲ್ಲಿ ಅವು ಎರಡು ಪಟ್ಟು ಕುಡಿಯುತ್ತವೆ. ಬದಿಗಳಿಗೆ ಒದ್ದೆ ಗೋಣಿ ಕಟ್ಟುವುದಾದರೆ ಗಾಳಿ ಆಡುವ ಕಡೆಗೆ ಮಾತ್ರ ಕಟ್ಟಿ, ಹಾಸಿದ ಹೊಟ್ಟು ಒದ್ದೆಯಾಗದಂತೆ ನೋಡಿಕೊಳ್ಳಿ.

ಕಂಪನಿ ಮೇವು ದುಬಾರಿಯೆಂದು ರಾಗಿ, ನುಚ್ಚಕ್ಕಿ, ಉಳಿದ ಅನ್ನಕ್ಕೆ ಬದಲಿಸಿದೆವು. ಹೊಟ್ಟೆ ತುಂಬ ತಿನ್ನುತ್ತವೆ, ಮೊಟ್ಟೆ ಮಾತ್ರ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಲ್ಲವೇ?
(ರಾಮನಗರ)

ಮನುಷ್ಯರ ಲೆಕ್ಕಕ್ಕೆ ಹೇರಳ. 100 ಗ್ರಾಂ ರಾಗಿಯಲ್ಲಿ ಸುಮಾರು 0.35 ಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಂ ಹೋಗುತ್ತದೆ. ಪ್ರೋಟೀನೂ ಅಷ್ಟೆ: ಕೋಳಿಗೆ ದಿನಕ್ಕೆ 17-18 ಗ್ರಾಂ ಬೇಕು, 110 ಗ್ರಾಂ ರಾಗಿ ಕೊಡುವುದು ಎಂಟು. ಕೆಲವು ದಿನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಮೊಟ್ಟೆ ಇಟ್ಟು, ಆಮೇಲೆ ಕೋಳಿ ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಅದರ ಕಾಲೇ ಕುಸಿಯುತ್ತಿತ್ತು.

ಮನೆಯಲ್ಲೇ ಮೇವು ಕಲಸಬೇಕೆಂದರೆ 100 ಕಿಲೋಗೆ ಈ ಅಳತೆ: ಒಡೆದ ಮುಸುಕಿನ ಜೋಳ 55 ಕಿಲೋ, ಸೋಯಾ ಹಿಂಡಿ 24, ಅಕ್ಕಿ ತೌಡು 10, ಕಪ್ಪೆಚಿಪ್ಪಿನ ನುಚ್ಚು ಎಂಟೂವರೆ, ಡೈಕ್ಯಾಲ್ಸಿಯಂ ಫಾಸ್ಫೇಟ್ ಒಂದೂವರೆ, ಉಪ್ಪು 400 ಗ್ರಾಂ, ಮಿಥಿಯೋನಿನ್ ಸೇರಿದ ವಿಟಮಿನ್-ಖನಿಜ ಮಿಶ್ರಣ 600 ಗ್ರಾಂ. ಪ್ರೋಟೀನ್ ಶೇ 17ರ ಹತ್ತಿರ, ಕ್ಯಾಲ್ಸಿಯಂ ಶೇ 3.5ರ ಮೇಲೆ ಬರುತ್ತದೆ. ಜೋಳದಲ್ಲಿ ಹತ್ತು ಹದಿನೈದು ಕಿಲೋವನ್ನು ರಾಗಿಗೆ ಬದಲಿಸಬಹುದು. ಉಪ್ಪು ಮತ್ತು ಖನಿಜ ಮಿಶ್ರಣವನ್ನು ಮೊದಲು ಎರಡು ಕಿಲೋ ತೌಡಿನಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆ ರಾಶಿಗೆ ಸೇರಿಸಿ. ಇಲ್ಲದಿದ್ದರೆ ಉಪ್ಪಿನ ಗಂಟು ತಿಂದ ಕೋಳಿ ಸಾಯಬಹುದು. ಹಳೆ ಮೇವಿನಿಂದ ಹೊಸದಕ್ಕೆ ಎಂಟು ಹತ್ತು ದಿನದಲ್ಲಿ ಹಂತಹಂತವಾಗಿ ಬನ್ನಿ: ಮೊದಲು ಕಾಲು ಭಾಗ, ಮೂರು ದಿನದ ಮೇಲೆ ಅರ್ಧ, ಮತ್ತೆ ಮೂರು ದಿನಕ್ಕೆ ಮುಕ್ಕಾಲು. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಕಪ್ಪೆಚಿಪ್ಪಿನ ನುಚ್ಚನ್ನು ಸ್ವಲ್ಪ ಪ್ರತ್ಯೇಕ ಬಟ್ಟಲಿನಲ್ಲಿ ಮಧ್ಯಾಹ್ನದ ಮೇಲೂ ಇಡಿ. ಮಳೆಗಾಲದಲ್ಲಿ ಬೂಷ್ಟು ವಾಸನೆ ಬಂದ ಕಡಲೆಕಾಯಿ ಹಿಂಡಿ, ಜೋಳ ಎಷ್ಟೇ ಅಗ್ಗವಾದರೂ ಬೇಡ. ಅದರಲ್ಲಿನ ಶಿಲೀಂಧ್ರದ ವಿಷ ಯಕೃತ್ತನ್ನು ಕೆಡಿಸುತ್ತದೆ, ಭಂಡಾರದ ಕೊಬ್ಬು ತಯಾರಾಗುವುದು ಅಲ್ಲೇ.

ನಾಟಿ ಕೋಳಿಯ ಗೂಡನ್ನು ಅಡುಗೆಮನೆ ಪಕ್ಕದಿಂದ ಕೊಟ್ಟಿಗೆಗೆ ಹಾಕಿದೆವು. ಅಂದಿನಿಂದ ಮೊಟ್ಟೆ ಇಲ್ಲ. ಜುಟ್ಟು ಕೆಂಪಗಿದೆ, ಲವಲವಿಕೆಯಿಂದಿದೆ, ದಿನಕ್ಕೊಮ್ಮೆ ಎಲ್ಲೋ ಕಾಣೆಯಾಗುತ್ತದೆ.
(ಸಕಲೇಶಪುರ)

ನಿಮ್ಮ ಕೋಳಿ ನಿಲ್ಲಿಸಿಲ್ಲ, ಬೇರೆಡೆ ಇಡುತ್ತಿದೆ. ಕೊಟ್ಟಿಗೆಯಲ್ಲಿ ದನದ ಕಾಲು, ಜನರ ಓಡಾಟ, ಇಲಿ ಇದ್ದರೆ ನಾಟಿ ಹೇಂಟೆ ಅಲ್ಲಿ ಕೂರುವುದಿಲ್ಲ. ಬೆಳಿಗ್ಗೆ ಹೊರಗೆ ಬಿಡದೆ ಹನ್ನೊಂದರವರೆಗೆ ಕೂಡಿಹಾಕಿ, ಆಮೇಲೆ ಬಿಟ್ಟು ದೂರದಿಂದ ಹಿಂಬಾಲಿಸಿ. ಮೊಟ್ಟೆ ಒತ್ತರಿಸಿಕೊಂಡ ಕೋಳಿ ಆಚೀಚೆ ನೋಡದೆ ನೇರ ಅಲ್ಲಿಗೇ ಓಡುತ್ತದೆ. ಸೌದೆ ರಾಶಿ, ಹುಲ್ಲಿನ ಬಣವೆ, ಕಾಫಿ ಗಿಡದ ಬುಡ ಮೊದಲು ನೋಡಬೇಕಾದ ಜಾಗಗಳು. ಬರಿಗೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಮೊಟ್ಟೆ ಹುಡುಕಿ ಹಾವೂ ಬಂದಿರಬಹುದು. ಸಿಕ್ಕ ಮೊಟ್ಟೆಗಳನ್ನು ನೀರಿಗೆ ಹಾಕಿ ತೇಲುವುದನ್ನು ಎಸೆಯಿರಿ. ಕೋಳಿಯನ್ನು ಹೊಸ ಗೂಡಿನಲ್ಲಿ ಐದು ದಿನ ಬಿಡದೆ ಇಟ್ಟು, ಪಕ್ಕದಲ್ಲಿ ಇದ್ದಿಲಿನಿಂದ ಗುರುತು ಮಾಡಿದ ಒಂದು ಮೊಟ್ಟೆ ಇಡಿ.

ಹನ್ನೆರಡು ಹದಿನೈದು ಮೊಟ್ಟೆ ಸಿಕ್ಕಿ, ಕೋಳಿ ಗರಿ ಉಬ್ಬಿಸಿ ಕೊರ್ರೆನ್ನುತ್ತ ಕೂತಿದ್ದರೆ ಕಾವಿಗೆ ಬಂದಿದೆ. ಮರಿ ಬೇಕಿದ್ದರೆ ವಾರದೊಳಗಿನ ಹತ್ತು ಮೊಟ್ಟೆ ಇಟ್ಟು 21 ದಿನ ಕೂರಿಸಿ. ಬೇಡವೆಂದರೆ ತಳದಲ್ಲಿ ಜಾಲರಿ ಇರುವ ಪಂಜರದಲ್ಲಿ, ಹುಲ್ಲು ಹಾಸದೆ, ಬೆಳಕಿನಲ್ಲಿ ಮೂರ್ನಾಲ್ಕು ದಿನ ಇಡಿ. ಮೇವು ನೀರು ತಪ್ಪಿಸಬೇಡಿ. ಹೊಟ್ಟೆಯಡಿಗೆ ಗಾಳಿ ಆಡಿದರೆ ಕಾವು ಇಳಿಯುತ್ತದೆ, ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಮೊಟ್ಟೆ. ನೀರಲ್ಲಿ ಮುಳುಗಿಸುವ, ಮೂಗಿಗೆ ಗರಿ ಚುಚ್ಚುವ ಹಳೆ ಪದ್ಧತಿ ಕೋಳಿಗೆ ಹಿಂಸೆ, ಅಷ್ಟೆ.

ಪಕ್ಕದ ತೋಟದಲ್ಲಿ ಎರಡು ದಿನ ಬೋರ್‌ವೆಲ್ ಕೊರೆದರು. ಮೊಟ್ಟೆ ಇಳಿಯಿತು, ಕೆಲವಕ್ಕೆ ಚಿಪ್ಪಿನ ಮೇಲೆ ಸುಣ್ಣದ ಪುಡಿ ಮೆತ್ತಿದಂತಿದೆ.
(ಚಿಕ್ಕಬಳ್ಳಾಪುರ)

ಹೆದರಿದ ಕೋಳಿ ಸಿದ್ಧವಾದ ಮೊಟ್ಟೆಯನ್ನು ಇಡದೆ ತಡೆಹಿಡಿದಾಗ ಅದರ ಮೇಲೆ ಇನ್ನೊಂದು ಪದರ ಸುಣ್ಣ ಕೂರುತ್ತದೆ. ತಿನ್ನಲು ಅಡ್ಡಿಯಿಲ್ಲ. ಶಬ್ದ ನಿಂತಿದ್ದರೆ ಔಷಧ ಬೇಡ, ಎರಡು ವಾರ ಕಾಯಿರಿ. ದೀಪಾವಳಿಯ ಪಟಾಕಿಗೂ ಇದೇ ಉತ್ತರ.

ನಾವು ಏನನ್ನೂ ಬದಲಿಸಿಲ್ಲ. ಆದರೂ ಮೊಟ್ಟೆ ನಿಂತಿದೆ.
(ಹಾವೇರಿ, ಚಿತ್ರದುರ್ಗ, ಇನ್ನೂ ಕೆಲವು ಓದುಗರು)

ಹಾಗಿದ್ದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಶೆಡ್ಡಿಗೆ ಹೋಗಿ. ಅಡ್ಡಗೋಲಿನ ಕೆಳಭಾಗ, ಗೋಡೆಯ ಬಿರುಕು, ಗೂಡಿನ ಸಂದು ನೋಡಿ. ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿ, ಉಣ್ಣಿ ಅಲ್ಲಿರುತ್ತವೆ. ಬಿಳಿ ಬಟ್ಟೆಯಿಂದ ಗೋಲನ್ನು ಒರೆಸಿದರೆ ಕೆಂಪು ಕಲೆ ಮೂಡುತ್ತದೆ. ಹೊಟ್ಟನ್ನೆಲ್ಲ ತೆಗೆದು ಸುಟ್ಟು, ಬಿರುಕುಗಳಿಗೆ ಸಿಮೆಂಟ್ ತುಂಬಿ, ಗೋಡೆ ಗೋಲುಗಳಿಗೆ ಸುಣ್ಣ ಹೊಡೆಯಿರಿ. ಮೊಟ್ಟೆಯಿಂದ ಹೊರಬರುವ ನುಸಿಗಾಗಿ ವಾರ ಬಿಟ್ಟು ಮತ್ತೊಮ್ಮೆ ಹೊಡೆಯಿರಿ.

ನುಸಿಯೂ ಇಲ್ಲವೆಂದರೆ ಮೊಟ್ಟೆಯನ್ನೇ ನೋಡಿ. ಚಿಪ್ಪು ಸುಕ್ಕುಗಟ್ಟಿ, ಒಡೆದಾಗ ಬಿಳಿ ಲೋಳೆ ನೀರಿನಂತೆ ಹರಿದರೆ ಶ್ವಾಸನಾಳದ ಸೋಂಕಿನ ಅನುಮಾನ. ಜೊತೆಗೆ ಉಬ್ಬಸ, ಹಸಿರು ಭೇದಿ, ಕತ್ತು ತಿರುಚುವುದು ಕಂಡರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗ. 1962ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಪಶು ಆಸ್ಪತ್ರೆಗೆ ತಿಳಿಸಿ. ಒಟ್ಟಿಗೆ ಹಲವು ಕೋಳಿ ಸತ್ತರೆ ಕೊಯ್ಯಬೇಡಿ, ಮಾರಬೇಡಿ, ಬರಿಗೈಲಿ ಮುಟ್ಟಬೇಡಿ. ರೋಗ ಬರುವ ಮೊದಲೇ ಲಸಿಕೆ ಹಾಕಿಸುವವರಿಗೆ ಒಂದು ಎಚ್ಚರಿಕೆ: ರಾಣಿಖೇತ್ ತಡೆಯಲು ರೆಕ್ಕೆಗೆ ಚುಚ್ಚುವ ಆರ್‌ಟುಬಿ ಲಸಿಕೆ ಎಂಟು ವಾರದ ಆಸುಪಾಸಿನ ಮರಿಗಳಿಗೆ. ಇಡುತ್ತಿರುವ ಕೋಳಿಗೆ ಅದನ್ನು ಹಾಕಿದರೆ ಮೊಟ್ಟೆ ಇಳಿಯುತ್ತದೆ. ಇವಕ್ಕೆ ಕುಡಿಯುವ ನೀರಿನಲ್ಲಿ ಲಸೋಟಾ ಎಂಬ ಅದೇ ರೋಗದ ಲಸಿಕೆ ಕೊಡಿಸುವ ಬಗ್ಗೆ ಪಶುವೈದ್ಯರನ್ನು ಕೇಳಿ. ಆ ದಿನದ ನೀರಿಗೆ ಬ್ಲೀಚಿಂಗ್ ಪುಡಿ, ಕ್ಲೋರಿನ್ ಯಾವುದೂ ತಾಗಿರಬಾರದು.